ಕಸದಲ್ಲಿ ಅಡಗಿದ ಮಹಾದೇವ

ಮಾರ್ಚ್ 12, 2002, ಮಂಗಳವಾರ. ಶಿವರಾತ್ರಿ. ಅಬ್‌ಸ್ಟಾಟ್, ಜರ್ಮನಿ

ಇವತ್ತು ಉಪವಾಸ. ಹೇಗೂ ಹಸಿವಿಲ್ಲ, ಆದ್ದರಿಂದ ಉಪವಾಸ ಸುಲಭ. ಕಷ್ಟವಾದದ್ದು ಪೂಜೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮಣೆಯ ಮೇಲೆ ಕೂತು ಎಡ ಅಂಗೈ ಚಾಚಿದೆ. ಅಂಗೈಯಲ್ಲಿ ಇಟ್ಟುಕೊಳ್ಳಲು ಲಿಂಗವಿಲ್ಲ. ಖಾಲಿ ಅಂಗೈ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಪಾತ್ರೆ ತೊಳೆದೆ.

ಯಾರಿಗೂ ಹೇಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಇಷ್ಟಲಿಂಗ ಕಳೆದುಹೋಗಿದೆ. ನಾನು ತೊಟ್ಟಿಲಲ್ಲಿದ್ದಾಗ ಅಯ್ಯನವರು ಬಂದು ಕಟ್ಟಿದ್ದು. ಅದನ್ನಿಡುವ ಬೆಳ್ಳಿಯ ಕರಡಿಗೆಯ ಮುಚ್ಚಳದ ಮೇಲೆ ಒಂದು ತಗ್ಗು ಇತ್ತು. ಚಿಕ್ಕವಳಿದ್ದಾಗ ಹಿತ್ತಲ ಬಾವಿಕಟ್ಟೆಯ ಮೇಲೆ ಬಿದ್ದು ಆದ ತಗ್ಗು. ಅವತ್ತು ಅವ್ವ ನನ್ನ ಮೊಣಕಾಲಿನ ಗಾಯವನ್ನು ನೋಡುವ ಮೊದಲು ಕರಡಿಗೆಯನ್ನು ನೋಡಿದ್ದಳು. ಅದನ್ನು ನಾನು ಇವತ್ತಿಗೂ ಅವಳಿಗೆ ಆಡಿ ತೋರಿಸುತ್ತೇನೆ.

ಫೆಬ್ರವರಿಯಲ್ಲಿ, ಮೂರನೆಯ ತಿಂಗಳಲ್ಲಿ, ಕೂಸು ಹೋಯಿತು. ಈ ದಿನಚರಿ ಅದರ ಬಗ್ಗೆ ಬರೆಯಲಿಕ್ಕಲ್ಲ. ಲಿಂಗದ ಮಟ್ಟಿಗೆ ನಡೆದದ್ದು ಇಷ್ಟು: ಆಪರೇಶನ್ ಕೋಣೆಗೆ ಒಯ್ಯುವ ಮೊದಲು ನರ್ಸ್ ಮೈಮೇಲಿನದನ್ನೆಲ್ಲ ತೆಗೆಯಲು ಹೇಳಿದಳು. ಬಳೆ, ತಾಳಿ ಇವರ ಕೈಗೆ ಕೊಟ್ಟೆ. ಕರಡಿಗೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತಲೆದಿಂಬಿನ ಪಕ್ಕ ಇಟ್ಟೆ. ಆಮೇಲಿನದು ನೆನಪಿಲ್ಲ. ಮನೆಗೆ ಬಂದಾಗ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲದಲ್ಲಿ ಆ ದಿನದ ಬಟ್ಟೆ, ಚಪ್ಪಲಿ, ಮುದ್ದೆಯಾದ ಕಾಗದಗಳು ಇದ್ದವು. ಅದನ್ನು ಬಿಚ್ಚಿ ನೋಡುವ ಮನಸ್ಸಿರಲಿಲ್ಲ. ಹಾಗೇ ಒಯ್ದು ಹಿತ್ತಲಿನ ಕಪ್ಪು ಕಸದ ಡಬ್ಬಿಗೆ ಹಾಕಿದೆ. ಮರುದಿನ ಕಸದ ಲಾರಿ ಬಂದು ಹೋದ ಮೇಲೆ ಕೊರಳಿಗೆ ಕೈ ಹೋಯಿತು.

ಇಪ್ಪತ್ತೆಂಟು ವರ್ಷ ಕೊರಳಲ್ಲಿದ್ದ ದೇವರನ್ನು ನನ್ನ ಕೈಯಾರೆ ಕಸಕ್ಕೆ ಹಾಕಿದ್ದೇನೆ. ಇವರಿಗೆ ಹೇಳಿಲ್ಲ. ಜೂನಿನಲ್ಲಿ ಅತ್ತೆ ಬರುತ್ತಾರೆ, ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲೇ ಪೂಜೆಗೆ ಕೂರುತ್ತಾರೆ. ಆಗ ಯಾವ ಅಂಗೈ ತೋರಿಸಲಿ?

ಮಾರ್ಚ್ 15, ಶುಕ್ರವಾರ

ಮರ್ಯಾದೆ ಹೋಯಿತು.

ಬೆಳಿಗ್ಗೆ ಇವರು ಹೋದ ಮೇಲೆ ಹಿತ್ತಲಿಗೆ ಇಳಿದೆ. ಲಾರಿ ಎಷ್ಟೋ ಸಲ ಬಂದು ಹೋಗಿದೆ, ಅದು ನನಗೆ ಗೊತ್ತು. ಆದರೂ ಡಬ್ಬಿಯ ತಳಕ್ಕೆ ಏನಾದರೂ ಅಂಟಿಕೊಂಡಿರಬಹುದು ಎಂಬ ಆಸೆ. ಕಪ್ಪು ಡಬ್ಬಿ ನನ್ನ ಎದೆಯೆತ್ತರ. ಅದನ್ನು ವಾಲಿಸಿ, ಅರ್ಧ ಮೈ ಒಳಗೆ ತೂರಿಸಿ ತಡಕಾಡುತ್ತಿದ್ದೆ. ಹಿಂದಿನಿಂದ “ನಾನಿ” ಎಂಬ ದನಿ ಕೇಳಿತು.

ನಮ್ಮ ಮನೆಯೊಡತಿ. ಊರಿಗೆಲ್ಲ ಅವರು ಫ್ರಾವ್ ಕೆಲ್ಲರ್, ಹುಟ್ಟು ಹೆಸರು ಚಿನಿಮಾಯಾ, ಕಠ್ಮಂಡುವಿನ ನೇವಾರ ಜನಾಂಗದವರು. ಸೇತುವೆ ಕಟ್ಟಲು ನೇಪಾಳಕ್ಕೆ ಹೋದ ಕೆಲ್ಲರ್ ಸಾಹೇಬರು ಬರುವಾಗ ಅವರನ್ನು ಕಟ್ಟಿಕೊಂಡು ಬಂದರಂತೆ. ಸಾಹೇಬರು ತೀರಿಕೊಂಡು ಬಹಳ ವರ್ಷವಾಯಿತು. ಈಗ ಕೆಳಗೆ ಅವರು, ಮೇಲೆ ನಾವು. ನಮ್ಮಿಬ್ಬರ ಮಾತು ಹಿಂದಿಯಲ್ಲಿ. ನನ್ನದು ಧಾರವಾಡದ ಹಿಂದಿ, ಅವರದು ಅವರ ಊರಿನದು. ಗಾಡಿ ನಿಂತಲ್ಲಿ ಜರ್ಮನ್ ಹಿಂದಿನಿಂದ ನೂಕುತ್ತದೆ. ನಾನು ಅವರಿಗೆ ದೀದಿ ಎನ್ನುತ್ತೇನೆ. ಅವರು ನನ್ನನ್ನು ನಾನಿ ಎನ್ನುತ್ತಾರೆ, ಅವರಲ್ಲಿ ಮನೆಯ ಹುಡುಗಿಯರನ್ನು ಹಾಗೆ ಕರೆಯುತ್ತಾರಂತೆ.

ಅಕ್ಕರೆಯ ಹೆಸರಿದೆ ಎಂದು ಮೆತ್ತಗಿನ ಮನುಷ್ಯರು ಎಂದುಕೊಂಡರೆ ಕೆಟ್ಟೆ. ಕಸ ವಿಂಗಡಿಸುವುದರಲ್ಲಿ, ಮೆಟ್ಟಿಲು ಗುಡಿಸುವುದರಲ್ಲಿ ಈ ಊರಿನವರನ್ನೂ ಮೀರಿಸಿದವರು. ಇಲ್ಲಿ ಒಂದು ವಾರ ಅವರು, ಒಂದು ವಾರ ನಾವು ಮೆಟ್ಟಿಲು, ಅಂಗಳ ಗುಡಿಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ‘ಕೇರ್‌ವೊಖೆ’, ಗುಡಿಸುವ ವಾರ, ಎಂಬ ಹಲಗೆ ಬಂದು ತೂಗುತ್ತದೆ. ನನ್ನನ್ನು ಡಬ್ಬಿಯಿಂದ ಹೊರಗೆ ಎಳೆದು, ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ಕಿವಿಯೋಲೆ ಎಂದೆ. ಅವರು ನನ್ನ ಎರಡೂ ಕಿವಿ ನೋಡಿದರು. ಎರಡರಲ್ಲೂ ಓಲೆ ಇತ್ತು. ಹೋಗಿ ಬಿಸಿನೀರು, ಸೋಪು ತಂದುಕೊಟ್ಟರು.

ಮಾರ್ಚ್ 17, ಭಾನುವಾರ

ಅತ್ತೆಯ ಫೋನು. ಪ್ರತಿ ಭಾನುವಾರ ಕೇಳುವುದನ್ನೇ ಕೇಳಿದರು: “ಲಿಂಗಪೂಜಿ ಆತೇನವಾ ನೀಲಾ?” ಪ್ರತಿ ಭಾನುವಾರ ಹೇಳುವುದನ್ನೇ ಹೇಳಿದೆ, ಆತ್ರಿ ಅತ್ತಿ.

ಕೂಸಿನ ವಿಷಯ ಅವರು ಎತ್ತುವುದಿಲ್ಲ. ಸುದ್ದಿ ತಿಳಿದ ದಿನ ಒಮ್ಮೆ ಅತ್ತು, ಪೂಜೆ ಬಿಡಬೇಡ, ಎಲ್ಲ ಸರಿಹೋಗುತ್ತದೆ ಎಂದರು. ಅಲ್ಲಿಂದ ಪೂಜೆಯೊಂದನ್ನೇ ಕೇಳುತ್ತಾರೆ. ಅತ್ತೆ ಸಾವಿತ್ರವ್ವನಿಗೆ ಸುಳ್ಳು ಹೇಳಲು ನಮ್ಮ ಓಣಿಯಲ್ಲಿ ಮಕ್ಕಳೂ ಹೆದರುತ್ತಾರೆ. ನಾನು ಸಮುದ್ರದಾಚೆಯಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಪೂಜೆಯ ಸಣ್ಣ ತಂಬಿಗೆ ಕಾಣುತ್ತಿಲ್ಲ. ಈ ಮನೆಯಲ್ಲಿ ದೇವರ ಸಾಮಾನಿಗೆ ಕಾಲು ಬಂದಿವೆ.

ಮಾರ್ಚ್ 20, ಬುಧವಾರ

ಮಂಜು. ಎದುರಿನ ದ್ರಾಕ್ಷಿ ತೋಟ ಕಾಣುವುದಿಲ್ಲ. ಬೆಳಗ್ಗೆ ಹಾಸಿಗೆಯಿಂದ ಎದ್ದವಳು ಸೋಫಾದ ಮೇಲೆ ಮಲಗಿದೆ. ಕನಸಿಗೂ ಎಚ್ಚರಕ್ಕೂ ನಡುವೆ ಬಾಗಿಲಿಲ್ಲದ ಮನೆಯಾಗಿದ್ದೇನೆ.

ಕನಸಿನಲ್ಲಿ ಕಸದ ಲಾರಿ ಮೆಲ್ಲಗೆ ಹೋಗುತ್ತಿತ್ತು, ಗದ್ದಲವಿಲ್ಲದೆ, ಪಲ್ಲಕ್ಕಿಯ ಹಾಗೆ. ಹಿಂದೆ ನಾನು ನಡೆಯುತ್ತಿದ್ದೆ. ಲಾರಿ ಒಂದು ದೊಡ್ಡ ಬಯಲಿಗೆ ಹೋಯಿತು. ಅಲ್ಲಿ ಎಲ್ಲ ಬಣ್ಣದ ಮುಚ್ಚಳಗಳ ಡಬ್ಬಿಗಳು ಸಾಲಾಗಿ ನಿಂತಿದ್ದವು. ಆಸ್ಪತ್ರೆಯ ಕಾರಿಡಾರಿನಲ್ಲೂ ಹಾಗೇ ಇದ್ದವು, ಹಳದಿ ಮುಚ್ಚಳ, ಕೆಂಪು ಮುಚ್ಚಳ. ಯಾವುದರಲ್ಲಿ ಏನು ಹಾಕುತ್ತಾರೋ.

ಸಾಕು.

ಮಾರ್ಚ್ 22, ಶುಕ್ರವಾರ

ಇವರ ಜೊತೆ ಜಗಳ. ಈ ವಾರ ಗುಡಿಸುವ ಸರದಿ ನಮ್ಮದು. ಸೊಂಟ ನೋಯುತ್ತಿದ್ದರೂ ಮೆಟ್ಟಿಲುಗಳನ್ನು ಒರೆಸಿ ಬಂದು ಕೂತಿದ್ದೆ. ಇವರು ಯಾವತ್ತೂ ಇಲ್ಲದಂತೆ ಸಂಜೆಗೆ ಮೊದಲೇ ಬಂದರು. ಮದುವೆಯಲ್ಲಿ ಹಾಕಿದ ಕರಿ ಬೂಟು ಹಾಕಿಕೊಂಡು ಹೋಗಿದ್ದರು. ಅದರ ತುಂಬ ಕೆಂಪು ಕೆಸರು. ಕೆಳಗಿನಿಂದ ಮೇಲಿನವರೆಗೆ ಒಂದೊಂದು ಮೆಟ್ಟಿಲಿಗೂ ಮುದ್ರೆ ಒತ್ತಿಕೊಂಡು ಬಂದಿದ್ದರು.

ಆಫೀಸಿನಲ್ಲಿ ಇವತ್ತು ಹೊಲ ಉತ್ತಿರೇನು ಎಂದು ಕೇಳಿದೆ. ಬಗ್ಗಿ ಬೂಟು ಬಿಚ್ಚತೊಡಗಿದರು. ಇವರು ಗಾಡಿಯ ಬ್ರೇಕಿಗೆ ಪ್ರೋಗ್ರಾಂ ಬರೆಯುವ ಎಂಜಿನಿಯರ್. ಮಾತಿಗೂ ಅದನ್ನೇ ಜೋಡಿಸಿಕೊಂಡಿದ್ದಾರೆ. ಇಲ್ಲಿ ಕೆಲಸ ಮಾಡಲು ಜರ್ಮನಿ ಕೊಟ್ಟ ಗ್ರೀನ್ ಕಾರ್ಡು ಇವರಿಗೆ. ನನ್ನ ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡಕೂಡದು ಎಂಬ ಠಸ್ಸೆ. ಕಾಲೇಜಿನ ಬಾಟನಿ ಲ್ಯಾಬು ಬಿಟ್ಟು ಬಂದು ಮೆಟ್ಟಿಲು ಒರೆಸುತ್ತೇನೆ, ಆ ಮೆಟ್ಟಿಲಿಗೂ ಮರ್ಯಾದೆಯಿಲ್ಲ. ಇದನ್ನೆಲ್ಲ ಹೇಳಿದೆ. ಇವರು ಬೂಟು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಕಣ್ಣು ಕೆಂಪಾಗಿತ್ತು, ನೆಗಡಿಯಿರಬೇಕು. ನಾನೇ ಹೋಗಿ ಎಲ್ಲ ಮಣ್ಣು ಗುಡಿಸಿ ಕಸಕ್ಕೆ ಹಾಕಿದೆ.

ಮಾರ್ಚ್ 24, ಭಾನುವಾರ

ಮಲಗಿದ್ದೆ. ಆತ್ರಿ ಅತ್ತಿ.

ಮಾರ್ಚ್ 27, ಬುಧವಾರ

ದೀದಿ ಚಹಾಕ್ಕೆ ಕರೆದರು. ಕರೆದರು ಎನ್ನುವುದಕ್ಕಿಂತ ಹಿಡಿದೊಯ್ದರು. ಹಿತ್ತಲಲ್ಲಿ ಕಸದ ಡಬ್ಬಿಗಳ ಪಕ್ಕ, ಎಲೆ ಕೊಳೆಸುವ ಗುಂಡಿಯ ಹತ್ತಿರ ಎರಡು ಕುರ್ಚಿ ಹಾಕಿದ್ದರು. ಒಳ್ಳೆಯ ಜಾಗ ಹುಡುಕಿದ್ದೀರಿ ಎಂದೆ. ದೀದಿ ನಗದೆ, ತಮ್ಮ ಕಾಲ ಬಳಿ ನೆಲಕ್ಕೆ ಹಾಸಿದ್ದ ಚೌಕ ಕಲ್ಲನ್ನು ಚಪ್ಪಲಿಯ ತುದಿಯಿಂದ ತೋರಿಸಿದರು. ಇದರ ಕೆಳಗೆ ಮಹಾದೇವ ಇದ್ದಾನೆ ಎಂದರು.

ಅವರ ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಕಥೆ ಹೇಳಿದರು. ಭಸ್ಮಾಸುರನಿಗೆ ಶಿವ ವರ ಕೊಟ್ಟದ್ದು, ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಬೂದಿ, ಅವನು ಮೊದಲು ಶಿವನ ತಲೆಗೇ ಕೈ ಚಾಚಿದ್ದು. ಇದು ನಮಗೂ ಗೊತ್ತು ಎಂದು ಉಳಿದದ್ದನ್ನು ನಾನೇ ಅವಸರದಲ್ಲಿ ಮುಗಿಸಿದೆ. ವಿಷ್ಣು ಮೋಹಿನಿಯಾದ, ಕುಣಿಸಿದ, ಕುಣಿಯುತ್ತ ಕುಣಿಯುತ್ತ ಅಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ.

“ಸರಿ. ಅಷ್ಟು ಹೊತ್ತು ಶಿವ ಎಲ್ಲಿದ್ದ?” ಎಂದು ದೀದಿ ಕೇಳಿದರು.

ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ ಕಥೆ. ನಾವೆಲ್ಲ ಮೋಹಿನಿಯ ಕುಣಿತ ನೋಡುತ್ತ ನಿಂತುಬಿಟ್ಟಿದ್ದೇವೆ, ಓಡಿಹೋದವನು ಏನಾದ ಎಂದು ಯಾರೂ ತಿರುಗಿ ನೋಡಿಲ್ಲ.

ನೇವಾರರು ನೋಡಿದ್ದಾರೆ. ಓಡಿ ಓಡಿ ದಿಕ್ಕು ತೋಚದೆ ಅವನು ಒಂದು ಮನೆಯಂಗಳದ ಕಸದ ಗುಂಡಿಯಲ್ಲಿ ಇಳಿದು, ಕಸವನ್ನೇ ಮೈಮೇಲೆ ಎಳೆದುಕೊಂಡು ಕೂತನಂತೆ. ದೇವರನ್ನು ಅಲ್ಲಿ ಯಾರು ಹುಡುಕುತ್ತಾರೆ? ಅವನ ಹೆಸರು ಲುಕು ಮಹಾದ್ಯ, ಅಡಗಿದ ಮಹಾದೇವ. ಅವರ ಊರಿನ ಹಳೆಯ ಅಂಗಳಗಳಲ್ಲಿ ಇವತ್ತಿಗೂ ನೆಲದೊಳಗೆ ಅಂಥ ಗುಂಡಿ, ಮೇಲೆ ಕಲ್ಲು. ವರ್ಷವಿಡೀ ಅದರ ಮೇಲೆ ಜನ ಓಡಾಡುತ್ತಾರೆ, ಮಕ್ಕಳು ಆಡುತ್ತಾರೆ. ಯುಗಾದಿಗೆ ಮುಂಚಿನ ಚತುರ್ದಶಿಯ ದಿನ ಮಾತ್ರ ಕಲ್ಲು ಸರಿಸಿ, ಅವನನ್ನು ತೊಳೆದು ಪೂಜಿಸುತ್ತಾರೆ. ಹಬ್ಬದ ಹೆಸರು ಪಾಹಾಂ ಚಾರೆ, ಎಂದರೆ ಅತಿಥಿಗಳ ಚತುರ್ದಶಿ. ಅವತ್ತು ಮಹಾದೇವನ ಜೊತೆ ಹೆಣ್ಣುಮಕ್ಕಳು, ಅಳಿಯಂದಿರು, ನೆಂಟರು ಎಲ್ಲರಿಗೂ ಊಟ. ಅವನು ಪಾರ್ವತಿಗೆ ತಿಳಿಯದಂತೆ ಮಾಂಸ ತಿನ್ನಲು ಅಲ್ಲಿ ಅಡಗಿದ ಎಂದು ಹೇಳುವವರೂ ಇದ್ದಾರಂತೆ. ಧಾರವಾಡದಲ್ಲಿ ಮನೆಗೆ ತಿಳಿಯದಂತೆ ಆಮ್ಲೆಟ್ ತಿಂದು ಬರುವ ನಮ್ಮ ಹುಡುಗರು ನೆನಪಾಗಿ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋವಾಯಿತು.

ದೀದಿಯ ಅಜ್ಜಿ ಹೇಳುತ್ತಿದ್ದದ್ದು ಬೇರೆ. ಅಸುರ ಸತ್ತದ್ದು ಎಲ್ಲರಿಗೂ ಗೊತ್ತಾಯಿತು, ಗುಂಡಿಯಲ್ಲಿದ್ದವನಿಗೆ ಮಾತ್ರ ಯಾರೂ ಹೋಗಿ ಹೇಳಲಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಕಲ್ಲು ಸರಿಸಿ ಹೇಳಬೇಕು, ಮುಗಿಯಿತು, ಬಾ, ಊಟ ಮಾಡು ಎಂದು.

ಮಾರ್ಚ್ 31, ಭಾನುವಾರ. ಈಸ್ಟರ್

ಈ ಊರಿನವರೂ ಇವತ್ತು ಅಡಗಿಸುವ ಹಬ್ಬವನ್ನೇ ಮಾಡುತ್ತಾರೆ. ಪಕ್ಕದ ಮನೆಯವರು ತೋಟದ ಪೊದೆಗಳಲ್ಲಿ ಬಣ್ಣದ ಮೊಟ್ಟೆ ಬಚ್ಚಿಟ್ಟು ಮಕ್ಕಳನ್ನು ಬಿಟ್ಟಿದ್ದರು. ಒಂದು ಪುಟ್ಟ ಹುಡುಗಿ ಏನೂ ಸಿಗದೆ ಅಳಲು ಸುರುಮಾಡಿದಳು. ಅವಳ ಅಪ್ಪ ಬಂದು, ತೋರಿಸದೆ, ಮೊಟ್ಟೆಯಿದ್ದ ಪೊದೆಯ ಪಕ್ಕ ಹೋಗಿ ಸುಮ್ಮನೆ ನಿಂತುಕೊಂಡ. ನಾನು ಕಿಟಕಿಯಲ್ಲಿ ನಿಂತು ಎಲ್ಲ ಮೊಟ್ಟೆ ಸಿಗುವವರೆಗೆ ನೋಡಿದೆ. ನಡುವೆ ನನ್ನ ಕಣ್ಣಲ್ಲಿ ನೀರು ಬಂದಿರಬೇಕು. ಯಾಕೆ ಎಂದು ಇವರು ಕೇಳಲಿಲ್ಲ. ಹಿಂದಿನಿಂದ ಬಂದು ಹೆಗಲ ಮೇಲೆ ಶಾಲು ಹೊದಿಸಿ ಹೋದರು.

ಆಮೇಲೆ ಅತ್ತೆಯ ಫೋನು. ಈ ಸಲ ಆತ್ರಿ ಎನ್ನಲು ಆಗದೆ, ಲೈನು ಸರಿಯಿಲ್ಲ, ಕೇಳಿಸುತ್ತಿಲ್ಲ ಎಂದು ಇವರ ಕೈಗೆ ಕೊಟ್ಟೆ.

ಏಪ್ರಿಲ್ 4, ಗುರುವಾರ

ಮುಂದಿನ ಗುರುವಾರ ಕಲ್ಲು ಸರಿಸುವ ದಿನ. ಗಂಡಹೆಂಡತಿ ಇಬ್ಬರೂ ಅತಿಥಿಗಳಾಗಿ ಬರಬೇಕು ಎಂದು ದೀದಿ ಮೇಲೆ ಬಂದು ಕರೆದರು. ಪ್ರತಿ ವರ್ಷ ಒಬ್ಬರೇ ಮಾಡುತ್ತಾರಂತೆ, ಅತಿಥಿಗಳ ಹಬ್ಬಕ್ಕೆ ಅತಿಥಿಗಳೇ ಇರುವುದಿಲ್ಲವಂತೆ.

ನೈವೇದ್ಯಕ್ಕೆ ಏನು ಎಂದು ಕೇಳಿದೆ. ಮಾಂಸ, ಬೇಯಿಸಿದ ಮೊಟ್ಟೆ, ಬೆಳ್ಳುಳ್ಳಿ, ಅಕ್ಕಿಯ ಹೆಂಡ. ಮಹಾದೇವನಿಗೆ. ನಮ್ಮ ಪೂಜೆಯ ಕೋಣೆಗೆ ಮೊಟ್ಟೆ ಹಾಕಿದ ಬಿಸ್ಕತ್ತು ಕೂಡ ಹೋಗುವುದಿಲ್ಲ. ಬರಲು ಆಗುವುದಿಲ್ಲ ದೀದಿ, ನಮ್ಮ ಶಿವ ಅಂಥವನಲ್ಲ ಎಂದುಬಿಟ್ಟೆ. ದೀದಿಗೆ ಬೇಸರವಾದದ್ದು ಕಾಣಿಸಿತು. “ನಿಮ್ಮವನು ಎಂಥವನು?” ಎಂದು ಕೇಳಿದರು, ಜಗಳಕ್ಕಲ್ಲ, ತಿಳಿದುಕೊಳ್ಳಲು.

ಕೊರಳಲ್ಲಿ ಇರುತ್ತಾನೆ, ಅಂಗೈಯಲ್ಲಿ ಕೂರುತ್ತಾನೆ, ಸತ್ತಾಗ ನಮ್ಮ ಜೊತೆಯೇ ಮಣ್ಣಿಗೆ ಬರುತ್ತಾನೆ, ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ ಎಂದೆ. ಹೇಳುತ್ತ ಹೇಳುತ್ತ ಕೈ ಕೊರಳಿಗೆ ಹೋಯಿತು. ದೀದಿ ನನ್ನ ಕೊರಳು ನೋಡಿದರು. ಅವತ್ತು ಕಿವಿ ನೋಡಿದ ಹಾಗೆ.

“ಡಬ್ಬಿಯಲ್ಲಿ ಅವನನ್ನು ಹುಡುಕುತ್ತಿದ್ದೆಯಾ?” ಎಂದರು.

ಹೂಂ ಎಂದೆ. ಯಾರಿಗೂ ಹೇಳದ್ದನ್ನು ಕೇಳಿದ ಮೊದಲ ಮನುಷ್ಯರಿಗೆ ಹೇಳಿಬಿಟ್ಟೆ. ಆಮೇಲೆ ಬಹಳ ಹೊತ್ತು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಅವನಿಗೆ ಕಸ ಹೊಸದಲ್ಲ ಬಿಡು ಎಂದು ಮಾತ್ರ ಹೇಳಿ, ನನ್ನ ಮುಸುರೆ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಹೋದರು. ನೆಲಕ್ಕೆ ನೀರು ಚೆಲ್ಲಿದ್ದಕ್ಕೆ ಬೈದೂ ಹೋದರು.

ಏಪ್ರಿಲ್ 7, ಭಾನುವಾರ

ಮನೆಯಿಂದ ಹೊರಗೆ ಬಿದ್ದೆ. ಅತ್ತೆಯ ಫೋನು ಬರುವ ಹೊತ್ತಿಗೆ ಮನೆಯಲ್ಲಿ ಇರಬಾರದೆಂದು ಹೊರಟದ್ದು. ನಡೆಯುತ್ತ ಊರಾಚೆ ಹೋದೆ.

ಮಹಾದೇವನಿಗೆ ಸಾಸಿವೆ ಹೂವು, ಮೂಲಂಗಿ ಹೂವು ಏರಿಸಬೇಕಂತೆ. ಇಲ್ಲಿ ಎಲ್ಲಿ ಸಿಗಬೇಕು, ಅಂಗಡಿಯ ಯಾವುದೋ ಹಳದಿ ಹೂವು ಇಡುತ್ತೇನೆ ಎಂದು ದೀದಿ ಹೇಳಿದ್ದರು. ಇಷ್ಟು ವರ್ಷ ಇಲ್ಲಿದ್ದೂ ಅವರು ರಸ್ತೆಯ ಬದಿ ನೋಡಿಲ್ಲ. ಇಲ್ಲಿ ಎಣ್ಣೆಗಾಗಿ ಬೆಳೆಯುವ ರಾಪ್ಸ್ ಸಾಸಿವೆಯ ಒಡಹುಟ್ಟು, ಅದೇ ನಾಲ್ಕು ಎಸಳು, ಅದೇ ಘಾಟು. ಹೊಲ ಇನ್ನೂ ಹಸಿರಾಗಿತ್ತು. ಆದರೆ ಬಿಸಿಲು ಬೀಳುವ ದಿಬ್ಬದ ಮೇಲೆ ತಾವಾಗಿ ಹುಟ್ಟಿದ ನಾಲ್ಕು ಗಿಡ ಮುಂಚೆಯೇ ಅರಳಿದ್ದವು. ಅವುಗಳ ಪಕ್ಕ ಕೂತೆ. ಬಿಸಿಲಿಗೆ ಜೋಂಪು ಹತ್ತಿತು.

ಅರೆನಿದ್ದೆಯಲ್ಲಿ ಮಣ್ಣಿನ ಕೆಳಗೆ ಯಾರೋ ಉಸಿರಾಡುವುದು ಕೇಳಿಸಿತು. ದೊಡ್ಡವರ ಉಸಿರಲ್ಲ. ಹೆದರಿಕೆಯಾಗಲಿಲ್ಲ. ಎದ್ದೆಯಾ ಎಂದು ಕೇಳಿದೆ. ಯಾರನ್ನು ಕೇಳಿದೆನೋ ಗೊತ್ತಿಲ್ಲ.

ಹೂವು ಕೀಳಲಿಲ್ಲ. ಗುರುವಾರ ತಾಜಾ ಕೀಳಬೇಕು. ಅಂದರೆ ಹೋಗುತ್ತೇನೆ ಅಂತಾಯಿತು. ಮಾಂಸದ ತಟ್ಟೆಯ ಕಡೆ ನೋಡದಿದ್ದರೆ ಸರಿ. ಕಣ್ಣು ಕಿತ್ತುಕೊಟ್ಟ ಬೇಡನ ಕೈಯಿಂದ ಮಾಂಸ ತಿಂದವನೂ ಇವನೇ ತಾನೆ.

ಏಪ್ರಿಲ್ 9, ಮಂಗಳವಾರ

ಇವರಿಗೂ ಗುರುವಾರದ ಊಟದ ವಿಷಯ ಹೇಳಿದೆ. ಬೇಗ ಬರುತ್ತೇನೆ ಎಂದರು. ಬೆಳಿಗ್ಗೆ ಮಾತ್ರ ಈಚೆಗೆ ಕೋಳಿಗಿಂತ ಮುಂಚೆ ಹೋಗುತ್ತಾರೆ. ಇವರು ಮನೆಯಲ್ಲಿ ಪೂಜೆ ಮಾಡಿಕೊಂಡದ್ದನ್ನು ನೋಡಿ ಎಷ್ಟು ದಿನವಾಯಿತು. ಎಂದೋ ಬಿಟ್ಟಿರಬೇಕು. ಕೇಳುವ ಮುಖ ನನಗಿಲ್ಲ.

ಏಪ್ರಿಲ್ 11, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಕೈಯಿಂದ ಇನ್ನೂ ಮಣ್ಣಿನ ವಾಸನೆ ಬರುತ್ತಿದೆ.

ಮಧ್ಯಾಹ್ನ ಹೂವು ತಂದೆ. ದೀದಿ ಅವನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅಂಗಡಿಯ ಮೂಲಂಗಿ ಗಡ್ಡೆಯನ್ನು ನೀರಲ್ಲಿಟ್ಟು ಚಿಗುರಿಸಲು ನೋಡಿದ್ದರಂತೆ, ಹೂವು ಬಿಟ್ಟಿರಲಿಲ್ಲ. ಸಾಸಿವೆಯೊಂದು ಸಿಕ್ಕಿತಲ್ಲ ಎಂದರು. ರೇಷ್ಮೆಯ ಅಂಚಿನ ಕರಿ ಸೀರೆ ಉಟ್ಟಿದ್ದರು. ಅವರನ್ನು ಏಪ್ರನ್ ಇಲ್ಲದೆ ನಾನು ನೋಡಿದ್ದು ಇದೇ ಮೊದಲು.

ಬಿಸಿಲು ಇಳಿಯುವ ಹೊತ್ತಿಗೆ ಇವರು ಬಂದರು, ಅತಿಥಿ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು. ದೀದಿ ಮತ್ತು ಇವರು ಸೇರಿ ಕಲ್ಲು ಸರಿಸಿದರು. ಕೆಳಗೆ ಮೊಣಕೈ ಆಳದ ಗುಂಡಿ, ಒಣಗಿದ ಎಲೆ, ಎರೆಹುಳ. ದೀದಿ ಬರಿಗೈಯಿಂದ ಎಲೆಗಳನ್ನು ಎತ್ತಿ ಎತ್ತಿ ಪಕ್ಕಕ್ಕೆ ಹಾಕಿದರು. ತಳದಲ್ಲಿ ಒಂದು ಕರಿ ಕಲ್ಲು, ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು. ಅಷ್ಟೇ. ಅಷ್ಟಕ್ಕೇ ನನ್ನ ಮೈ ಜುಮ್ಮೆಂದಿತು.

ನೀರು ಹಾಕಿ ತೊಳೆದರು. ಹೂವು ನನ್ನ ಕೈಯಿಂದ ಏರಿಸಲು ಹೇಳಿದರು. ಸೂತಕವೋ ಏನೋ, ನಾನು ಹಿಂಜರಿದೆ. ಕಸದಲ್ಲಿ ಕೂತವನಿಗೆ ನಿನ್ನದೇನು ಮೈಲಿಗೆ ಎಂದು ಗದರಿದರು. ಏರಿಸಿದೆ. ಮಾಂಸದ ತಟ್ಟೆ ಬಂದಾಗ ಆಕಾಶ ನೋಡಿದೆ. ಆಮೇಲೆ ದೀದಿ ಗುಂಡಿಯ ಕಡೆ ಬಗ್ಗಿ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದರು. ಮಲಗಿದ ಮಗುವನ್ನು ಎಬ್ಬಿಸುವ ದನಿ. ಅರ್ಥ ಕೇಳಬೇಕಾಗಿರಲಿಲ್ಲ.

ಕೊನೆಗೆ ದೀಪ. ಅದನ್ನು ಗುಂಡಿಯೊಳಗೆ ಇಡಲು ಇವರಿಗೆ ಹೇಳಿದರು. ಇವರು ಮಂಡಿಯೂರಿ ಬಗ್ಗಿದರು. ಆಗ ಅಂಗಿಯ ಕೊರಳಿನಿಂದ ಶಿವದಾರ ಜಾರಿ ಹೊರಗೆ ತೂಗಿತು. ಒಂದಲ್ಲ, ಎರಡು. ಎರಡು ಕರಡಿಗೆಗಳು ದೀಪದ ಬೆಳಕಿನಲ್ಲಿ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಒಂದರ ಮುಚ್ಚಳದ ಮೇಲೆ ತಗ್ಗು.

ದೀದಿ ಅಡುಗೆಮನೆಯಲ್ಲಿ ಏನೋ ಸೀಯುತ್ತಿದೆ ಎಂದು ಒಳಗೆ ಹೋದರು. ಏನೂ ಸೀಯುತ್ತಿರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಡಬ್ಬಿಯೊಳಗೆ ತಲೆ ಹಾಕಿ ಹುಡುಕಿದವಳು ನಾನು, ಇವರು ಕೊರಳಲ್ಲಿ ಹಾಕಿಕೊಂಡು ಓಡಾಡಿದ್ದಾರೆ. ಒಬ್ಬರ ಲಿಂಗ ಇನ್ನೊಬ್ಬರು ಕಟ್ಟಿಕೊಳ್ಳುವ ಪದ್ಧತಿ ಯಾವ ಊರಲ್ಲಿದೆ? ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೂಗಿದೆ ಎಂದೇ ಕಾಣುತ್ತದೆ.

“ನೀನ ಅಂದಿದ್ದಿ, ನೀಲಾ. ಆಪರೇಶನ್ ಆಗಿ ಹೊರಗ ತಂದಾಗ, ಕಣ್ಣ ತಗೀದನ, ಅದನ್ನ ಒಯ್ದು ಎಲ್ಲೆರೆ ಒಗೀರಿ, ನನಗ ಬ್ಯಾಡ ಅಂದಿ. ಒಗಿಲಿಕ್ಕೆ ನನಗ ಆಗಲಿಲ್ಲ. ಮನ್ಯಾಗ ಇಟ್ರ ನಿನ್ನ ಕಣ್ಣಿಗೆ ಬೀಳ್ತದ. ಬೇಕನಿಸಿದಾಗ ನೀನ ಕೇಳ್ತಿ ಅಂತ ಕಾದೆ.”

ದಿನಾ ಬೆಳಿಗ್ಗೆ ಆಫೀಸಿನ ಪಾರ್ಕಿಂಗಿನಲ್ಲಿ, ಕಾರೊಳಗೆ ಕೂತು, ಎರಡಕ್ಕೂ ಪೂಜೆ ಮಾಡುತ್ತಿದ್ದರಂತೆ. ಸಣ್ಣ ತಂಬಿಗೆ ಕಾರಿನಲ್ಲಿದೆ. ನಾನು ಹಾಗೆ ಅಂದದ್ದು ನನಗೆ ಚೂರೂ ನೆನಪಿಲ್ಲ. ಆದರೆ ಅಂದಿರಬಹುದು. ಅಂದಿರುತ್ತೇನೆ.

ಗುಂಡಿಯಲ್ಲಿ ದೀಪ ಉರಿಯುತ್ತಿತ್ತು. ಒದ್ದೆ ಕಲ್ಲು, ಹಳದಿ ಹೂವು. ಅದನ್ನು ನೋಡುತ್ತಿದ್ದಾಗ ನನ್ನ ಬಾಯಿಂದ ಆ ಮಾತು ಬಂತು. ಇಷ್ಟು ದಿನ ನಾನು ಹುಡುಕಿದ್ದು ಲಿಂಗವನ್ನಷ್ಟೇ ಅಲ್ಲ. ಆ ಮಾತನ್ನು ಕೇಳಬಾರದೆಂದು ಹಗಲೆಲ್ಲ ಮಲಗಿದೆ, ಇಲ್ಲಿ ಬರೆಯಲೂ ಇಲ್ಲ.

“ಕೂಸನ್ನ ಯಾವ ಡಬ್ಬ್ಯಾಗ ಒಗದ್ರು?”

ಇವರು ನನ್ನನ್ನು ನೋಡಿದರು. ಪಾಪ, ಇವರ ಬ್ರೇಕು ಅಲ್ಲಿಗೆ ಬಿಟ್ಟುಹೋಯಿತು. ಅಳುತ್ತಲೇ ಹೇಳಿದರು.

“ಒಗದಿಲ್ಲ. ಆಸ್ಪತ್ರ್ಯಾಗ ಕೇಳಿದ್ರು, ಮಣ್ಣು ಕೊಡ್ರಿ ಅಂತ ನಾ ಹೇಳಿದೆ. ಸ್ಮಶಾನದಾಗ ಇಂಥಾ ಕೂಸುಗಳಿಗಂತನ ಒಂದು ಮೂಲಿ ಅದ. ಎಲ್ಲಾ ಕೂಡಿಸಿ ಒಂದ ದಿನ ಮಾಡ್ತಾರ. ಅವತ್ತ ನಾ ಹೋಗಿದ್ದೆ, ನೀಲಾ. ನನ್ನ ಕೈಲೆ ಮಣ್ಣ ಹಾಕಿ ಬಂದೀನಿ.”

ಯಾವತ್ತು ಎಂದು ನಾನು ಕೇಳಲಿಲ್ಲ. ಕರಿ ಬೂಟು, ಕೆಂಪು ಕೆಸರು. ನಾನು ಬೈದು ಬೈದು ಆ ಮಣ್ಣನ್ನು ಗುಡಿಸಿ ಹಾಕಿದ ಶುಕ್ರವಾರ.

ಆಮೇಲೆ ನಾವಿಬ್ಬರೂ ಆ ಗುಂಡಿಯ ಅಂಚಿನಲ್ಲಿ ಕೂತು ಅತ್ತೆವು, ಸಂಕೋಚವಿಲ್ಲದೆ. ಪಕ್ಕದ ಮನೆಯ ಕಿಟಕಿ ತೆರೆದಿತ್ತು. ದೀದಿ ಬಂದು, ಅತಿಥಿಗಳು ಹಸಿದಿರಬಾರದು ಎಂದು ಎಬ್ಬಿಸಿದರು. ನಮಗಾಗಿ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಅನ್ನ, ಬೇಳೆ ಮಾಡಿದ್ದರು. ನಾನು ಎರಡು ಸಲ ಹಾಕಿಸಿಕೊಂಡೆ.

ಏಪ್ರಿಲ್ 14, ಭಾನುವಾರ

ನಿನ್ನೆ ಯುಗಾದಿ. ಬೆಳಿಗ್ಗೆ ಸ್ನಾನ ಮಾಡಿ, ಇಬ್ಬರೂ ಒಟ್ಟಿಗೆ ಕೂತೆವು. ಇವರು ತಮ್ಮ ಕೊರಳಿನಿಂದ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಬೆಚ್ಚಗಿತ್ತು.

ಆಮೇಲೆ ಬಸ್ಸು ಹಿಡಿದು ಸ್ಮಶಾನಕ್ಕೆ ಹೋದೆವು. ಕಾರು ಬೇಡ, ನಿಧಾನ ಹೋಗೋಣ ಎಂದೆ. ಬೇಲಿಯ ಹತ್ತಿರ ಒಂದು ಮೂಲೆ, ಗಾಳಿಗೆ ತಿರುಗುವ ಕಾಗದದ ಗಿರಗಟ್ಟೆಗಳನ್ನು ಯಾರೋ ಚುಚ್ಚಿದ್ದಾರೆ. ರಾತ್ರಿ ಮಳೆಯಾಗಿ ಮಣ್ಣು ಮೆತ್ತಗಿತ್ತು. ದಾರಿಯಲ್ಲಿ ಕಿತ್ತ ಹಳದಿ ಹೂವು ಇಟ್ಟೆ. ಮುಗಿಯಿತು, ಬಾ, ಊಟ ಮಾಡು ಎಂದು ಕೂಸಿಗೆ ಹೇಳಲಾಗುವುದಿಲ್ಲ. ಎಲ್ಲಿದೆ ಎಂದು ಗೊತ್ತಾಯಿತು. ಅಷ್ಟು ಸಾಕು ಎನ್ನುವುದಿಲ್ಲ, ಆದರೆ ಅಷ್ಟು ಬೇಕಾಗಿತ್ತು.

ಇವತ್ತು ಅತ್ತೆಯ ಫೋನು. ಅವರು ಕೇಳುವ ಮೊದಲೇ ಎಲ್ಲ ಹೇಳಿದೆ, ಲಿಂಗ ಕಳೆದದ್ದು, ಸುಳ್ಳು ಹೇಳಿದ್ದು, ಸಿಕ್ಕಿದ್ದು, ಸ್ಮಶಾನದ ಮೂಲೆ. ಈ ಸಲ ನಿಜವಾಗಿಯೂ ಲೈನು ಹೋಯಿತೇ ಅಂದುಕೊಂಡೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

“ಜೂನದಾಗ ಬರ್ತೀನಲ್ಲವಾ,” ಎಂದರು ಅತ್ತೆ. “ಮನೀಗೆ ಆಮ್ಯಾಲೆ ಹೋಗೂಣು. ಮೊದಲ ಆ ಕೂಸಿನ ಹತ್ರ ಕರಕೊಂಡ ಹೋಗು.”

ಈ ವಾರ ಗುಡಿಸುವ ಸರದಿ ನಮ್ಮದು, ಹಲಗೆ ಬಾಗಿಲಿಗೆ ಬಂದು ತೂಗುತ್ತಿದೆ. ಮೆಟ್ಟಿಲುಗಳ ಮೇಲೆ ನಿನ್ನೆಯ ಕೆಂಪು ಮಣ್ಣಿದೆ, ಕೆಳಗಿನಿಂದ ಮೇಲಿನವರೆಗೆ, ಇವರ ಬೂಟಿನದು ಒಂದು ಸಾಲು, ನನ್ನದು ಒಂದು ಸಾಲು. ಪೊರಕೆ ಹಿಡಿದು ಹೋದವಳು ಮೇಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ದೀದಿ ಕೆಳಗಿನ ಬಾಗಿಲು ತೆರೆದು ಮೆಟ್ಟಿಲು ನೋಡಿದರು, ನನ್ನನ್ನು ನೋಡಿದರು, ಮಣ್ಣು ತುಳಿಯದ ಹಾಗೆ ಗೋಡೆಯ ಬದಿಗೆ ಹೆಜ್ಜೆಯಿಡುತ್ತ ಮೇಲೆ ಬಂದು ಪಕ್ಕದಲ್ಲಿ ಕೂತರು. ನಾಳೆ ಗುಡಿಸುತ್ತೇನೆ ಎಂದೆ. ಆಗಲಿ ಎಂದರು.